ಒದ್ದೆ ಹೊಟ್ಟೆಯ ಓತಿಕ್ಯಾತ

ಓತಿಕ್ಯಾತದ ಹೊಟ್ಟೆ ಒದ್ದೆಯಾಗಿತ್ತು. ಹಿಂಗಾಲಿನ ಉದ್ದ ಬೆರಳಿನ ಬುಡದಲ್ಲಿ ಹಳದಿ ಪುಡಿ ಅಂಟಿತ್ತು. ಒರೆಸಿದರೆ ನನ್ನ ಹೆಬ್ಬೆರಳಿಗೆ ಬಂತು.

ಮಳೆ ನಿಂತು ವಾರದ ಮೇಲಾಗಿತ್ತು. ಹತ್ತು ಗಂಟೆಯ ಬಿಸಿಲಿಗೆ ಬೇಲಿಯ ಮೇಲಿನ ಇಬ್ಬನಿಯೆಲ್ಲ ಆರಿಹೋಗಿತ್ತು. ಪ್ರಾಣಿಯ ಬೆನ್ನು ಒಣಗಿ ಬೆಚ್ಚಗೇ ಇತ್ತು. ಹೊಟ್ಟೆ ಮಾತ್ರ ಆಗತಾನೇ ಹಸಿ ಅರಿವೆಯ ಮೇಲಿಂದ ಎದ್ದು ಬಂದಂತಿತ್ತು. ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ ತಕ್ಕಡಿಗೆ ನೇತುಹಾಕಿದೆ. ತೂಕ ಬರೆದುಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿ, ಕಣ್ಣಷ್ಟನ್ನೇ ಎತ್ತಿ ಹೊಲದ ಕಡೆ ನೋಡಿದೆ. ಹತ್ತಿ ಗಿಡಗಳ ನಡುವೆ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದರು. ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಓತಿಕ್ಯಾತ ಹಿಡಿಯುವ ಹುಡುಗಿಯನ್ನು ಅಷ್ಟು ಜನರಲ್ಲಿ ಒಬ್ಬರೂ ನೋಡದಿರುವುದು ನನಗೆ ಸಹಜವೆನಿಸಲಿಲ್ಲ.

ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಒಂದು ಯೋಜನೆಯಲ್ಲಿ ಸಹಾಯಕಿಯಾಗಿ ಸೇರಿದ್ದೆ. ಒಂದೇ ಜಾತಿಯ ಓತಿಕ್ಯಾತದಲ್ಲಿ ಮೈ ಸಣ್ಣದಿದ್ದರೆ ಓಟ ಹೇಗೆ, ದೊಡ್ಡದಾದರೆ ಹೇಗೆ, ಅದಕ್ಕೆ ತಗಲುವ ಶಕ್ತಿ ಎಷ್ಟು ಎಂದು ತಿಳಿಯುವುದು ಕೆಲಸ. ಪುಸ್ತಕದ ಪ್ರಕಾರ ಮರಿಯ ಮೈಯ ಒಂದೊಂದು ಗ್ರಾಮೂ ದೊಡ್ಡದರ ಒಂದು ಗ್ರಾಮಿಗಿಂತ ಹೆಚ್ಚು ಇಂಧನ ಸುಡುತ್ತದೆ, ಸುಮ್ಮನೆ ಕೂತಾಗಲೂ. ಓಡುವಾಗ ಅದೇ ದೂರಕ್ಕೆ ಮರಿ ಹೆಚ್ಚು ಹೆಜ್ಜೆ ಹಾಕಬೇಕು. ಹಾಗಾಗಿ ಅದು ಚಕ್ಕನೆ ಚಿಮ್ಮಿ ಬೇಗ ಸೋಲುತ್ತದೆ. ದೊಡ್ಡದು ತನ್ನ ತೂಕಕ್ಕೆ ಹೋಲಿಸಿದರೆ ಮಿತವ್ಯಯಿ. ಹೆಚ್ಚು ದೂರ ಹೋಗಿ ಆಮೇಲೆ ನಿಲ್ಲುತ್ತದೆ.

ಇದನ್ನು ನೋಡಲು ನನ್ನ ಬಳಿ ಇದ್ದದ್ದು ಮಡಚುವ ಪ್ಲೈವುಡ್ ಹಲಗೆ, ಅದರ ಮೇಲೆ ಉಗುರು ಹಿಡಿಯಲೆಂದು ಅಂಟಿಸಿದ ಗೋಣಿತಟ್ಟು, ಬಾಲ ಮುಟ್ಟಲು ಒಂದು ಬಣ್ಣದ ಕುಂಚ, ವಿಡಿಯೋಗೆ ಮೊಬೈಲು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥ ಶಾಖ ಅಳೆಯುವ ಯಂತ್ರವೂ ಇತ್ತು. ಬಿದಿರು ಕೋಲಿನ ತುದಿಗೆ ದಾರದ ಜೀರುಗುಣಿಕೆ ಹಾಕಿ ಪ್ರಾಣಿಯ ಕೊರಳಿಗೆ ನಯವಾಗಿ ಇಳಿಸಿ ಹಿಡಿಯುತ್ತಿದ್ದೆ. ತೂಗಿ, ಅಳೆದು, ಹಲಗೆಯ ಮೇಲೆ ಬಿಟ್ಟು ಕುಂಚದಿಂದ ಬಾಲ ಮುಟ್ಟುತ್ತಿದ್ದೆ. ಮುಟ್ಟಿದರೂ ಕದಲದೆ ನಿಂತರೆ ಸೋತಿತೆಂದು ಲೆಕ್ಕ. ಆಮೇಲೆ ಹಿಡಿದಲ್ಲೇ ಬಿಡುತ್ತಿದ್ದೆ.

ಮೊದಲು ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನ ಹೊಲಗಳ ಬದುವಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿನ ಓತಿಕ್ಯಾತಗಳು ಪುಸ್ತಕ ಓದಿಕೊಂಡಂತೆ ಓಡಿದವು. ಮಳೆಗಾಲದ ಕೊನೆಗೆ ಹಿರೇಕೆರೂರು ತಾಲ್ಲೂಕಿಗೆ ಬಂದೆ. ಹಂಸಭಾವಿಯಿಂದ ಒಳಗೆ ಸ್ವಲ್ಪ ನಡೆದರೆ ಒಂದು ಹತ್ತಿ ಹೊಲ, ಸುತ್ತ ಜಾಲಿ ಮತ್ತು ಲಂಟಾನದ ದಟ್ಟ ಬೇಲಿ. ಇಲ್ಲಿ ಮೊದಲ ಕೆಲವು ದಿನ ಬಿಟ್ಟರೆ ಉಳಿದದ್ದೆಲ್ಲ ತಿರುಗುಮುರುಗು. ಮರಿಗಳು ಸರಿಯಾಗಿ ಓಡಿದವು. ದೊಡ್ಡ ಗಂಡುಗಳು, ಕೊರಳು ಕೆಂಪಗಿದ್ದ ದಪ್ಪ ಪ್ರಾಣಿಗಳು, ಹಲಗೆಯ ಅರ್ಧಕ್ಕೂ ಹೋಗದೆ ನಿಂತುಬಿಡುತ್ತಿದ್ದವು.

ಗೈಡ್ ಮೇಡಂಗೆ ಫೋನಿನಲ್ಲಿ ಹೇಳಿದೆ. ಅವರ ದನಿಯೇ ಬದಲಾಯಿತು. "ನೋಡು, ಎರಡು ತಾಲ್ಲೂಕು, ಎರಡು ಥರದ ಪ್ರಾಣಿ. ಇಂಥದ್ದರಿಂದಲೇ ಒಳ್ಳೇ ಪೇಪರು ಶುರುವಾಗೋದು. ಬರೋ ವಾರದ ಸೆಮಿನಾರಿನಲ್ಲಿ ಇದನ್ನೇ ಹೇಳು." ಮುಂದಿನ ವರ್ಷಕ್ಕೆ ನನ್ನನ್ನು ಉಳಿಸಿಕೊಳ್ಳುವುದು, ಬಿಡುವುದು ಆ ಸೆಮಿನಾರಿನ ಮೇಲಿತ್ತು. ಸಂತೋಷಪಡಬೇಕಿತ್ತು. ಆದರೆ ಬೇಡಿದ್ದು ಬೇಡಿದಂತೆ ಸಿಕ್ಕಾಗ ಕೊಟ್ಟವರು ಯಾರು ಎಂದು ಕೇಳುವ ಸ್ವಭಾವ ನನ್ನದು. ಒದ್ದೆ ಹೊಟ್ಟೆ ನೋಡಿದ್ದು ಅದಾದ ಎರಡು ದಿನಕ್ಕೆ.

ಹೊಲದ ಬಗ್ಗೆ ಹೇಳಬೇಕು. ಅದು ಬೀಜದ ಹತ್ತಿ, ಎರಡು ತಳಿ ಕೂಡಿಸಿ ಕಂಪನಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವುದು. ನಮ್ಮ ಕಡೆ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನ ಹೆಬ್ಬೆರಳಿನ ಉಗುರಿನಿಂದ ಸುಲಿದು, ಅದರ ಗಂಡು ಭಾಗವನ್ನು ತೆಗೆದು, ಗುರುತಿಗೆ ಕೆಂಪು ಚೀಟಿ ಸಿಕ್ಕಿಸುತ್ತಾರೆ. ಮರುದಿನ ನಸುಕಿಗೇ ಬೇರೆ ಸಾಲಿನ ಗಂಡು ಹೂ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡುತ್ತಾರೆ. ಇಬ್ಬನಿ ಆರಿದ ಮೇಲೆ ಒಂದೊಂದು ಚೀಟಿ ಹುಡುಕಿ ಆ ಹೂವಿಗೆ ಗಂಡು ಹೂ ಮುಟ್ಟಿಸುತ್ತಾರೆ. ಚೀಟಿ ಉದುರಿದರೆ ಆ ಹೂ ಲೆಕ್ಕಕ್ಕಿಲ್ಲ. ಕಂಪನಿಯವರು ಬಂದು ನೋಡಿದಾಗ ಚೀಟಿಯಿಲ್ಲದ ಕಾಯಿ ಕಂಡರೆ ಇಡೀ ಹೊಲವನ್ನೇ ತಿರಸ್ಕರಿಸಬಹುದು.

ಹೆಂಗಸರ ಗುಂಪಿಗೆ ಹಿರಿಯಳು ಐವತ್ತರ ಆಸುಪಾಸಿನವಳು. ಸವಣೂರು ಅವಳ ತವರು. ಅಲ್ಲಿ ಅವಳ ಅಣ್ಣಂದಿರದು ವೀಳ್ಯದೆಲೆಯ ವ್ಯಾಪಾರ. ಉಗುರು ಉದ್ದ, ಮಾತು ಗಿಡ್ಡ. ಅವಳ ಪಕ್ಕದ ಸಾಲಿನಲ್ಲಿ ಯಾವಾಗಲೂ ಅಬಲೂರಿನಿಂದ ಮದುವೆಯಾಗಿ ಬಂದ ಒಬ್ಬ ತರುಣಿ. ಅವಳ ಬಾಯಿಗೆ ಬಿಡುವಿರಲಿಲ್ಲ. ನಾನು ತಿರುವಿನಲ್ಲಿ ಕಂಡಕೂಡಲೇ, "ಬಂದ್ರವ್ವಾ, ಓತಿಕ್ಯಾತದ ಡಾಕ್ಟರು ಬಂದ್ರು. ಯಾವುದಕ್ಕ ಜ್ವರ ಬಂದೈತೋ ಏನೋ!" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಹಿರಿಯಳು ನಗುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಪ್ರಾಣಿಗಳು ಬೇಲಿಯಿಂದ ಹಾರಿ ಬೆಳೆಯೊಳಗೆ ನುಗ್ಗುತ್ತಿದ್ದವು. ನಾನೂ ಕೋಲು ಹಿಡಿದು ಹಿಂದೆಯೇ ಹೋಗುತ್ತಿದ್ದೆ. ಹೊಲದ ಯಜಮಾನ ಒಂದು ದಿನ ಬದುವಿನ ಮೇಲೆ ನಿಂತು ಹೆಂಗಸರನ್ನು ಬಾಯಿಗೆ ಬಂದಂತೆ ಬೈದ. ನನ್ನ ಮುಂದೆಯೇ ಬೈದನಾದರೂ ನನಗೆ ಏನೂ ಅನ್ನಲಿಲ್ಲ. ಅವರವರ ಹೊಲದ ಜಗಳವೆಂದು ನಾನು ದೂರ ಸರಿದೆ. ಅಚ್ಚರಿಯೆಂದರೆ ಆ ದಿನದ ನಂತರ ನನ್ನ ಕೆಲಸ ಹಗುರಾಯಿತು. ದೊಡ್ಡ ಪ್ರಾಣಿಗಳು ಬೇಲಿಯ ಮೇಲೆಯೇ, ಕೈಗೆಟಕುವ ಎತ್ತರದಲ್ಲಿ ಕೂತಿರುತ್ತಿದ್ದವು. ನನ್ನ ಕೈ ಪಳಗಿತೆಂದುಕೊಂಡೆ.

ಒದ್ದೆ ಹೊಟ್ಟೆ ನೋಡಿದ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ಒಂದೊಂದೇ ನೆನಪಾಯಿತು. ವಾರದ ಹಿಂದೆ ಬೇವಿನ ಬುಡದಲ್ಲಿಟ್ಟಿದ್ದ ನನ್ನ ಚೀಲದಲ್ಲಿ ಕುಂಚ ಬೇರೆ ಖಾನೆಯಲ್ಲಿತ್ತು. ನಾನು ಹಾಗೆ ಇಡುವವಳಲ್ಲ. ನನ್ನ ಗುರುತಿನ ಚೀಟಿ ತಿರುವಿಹಾಕಿದಂತಿತ್ತು. ಆಗ ನನಗೇ ಮರೆವೆಂದು ಸುಮ್ಮನಾಗಿದ್ದೆ. ಈಗ ಅನಿಸಿತು: ನಾನು ಬರುವ ಮೊದಲು ಆ ಹೆಂಗಸರು ಪ್ರಾಣಿಗಳನ್ನು ಅಟ್ಟಾಡಿಸಿ ಮೋಜು ನೋಡುತ್ತಿರಬೇಕು. ಅಟ್ಟಿಸಿಕೊಂಡು ಸುಸ್ತಾದ ಪ್ರಾಣಿ ಹಲಗೆಯ ಮೇಲೆ ಏನು ಓಡೀತು? ಆದರೆ ಹಾಗಿದ್ದರೆ ಮರಿಗಳೂ ಸೋಲಬೇಕಿತ್ತು. ದೊಡ್ಡವನ್ನಷ್ಟೇ ಆರಿಸಿ ಕೆಡಿಸಬೇಕಾದರೆ ನನ್ನ ಪ್ರಶ್ನೆಯೇ ಗೊತ್ತಿರಬೇಕು. ಅದು ಅವರಿಗೆ ಹೇಗೆ ಗೊತ್ತು? ಯಾರು ಹೇಳಿದರು? ಯೋಚಿಸಿದಷ್ಟೂ ಅನುಮಾನ ಬೇಲಿ ದಾಟಿ ವಿಭಾಗದ ಕಾರಿಡಾರಿನವರೆಗೂ ಹೋಯಿತು. ನನ್ನ ಜಾಗಕ್ಕೆ ಕಾದವರು ಅಲ್ಲಿದ್ದರು.

ಬಿಸಿಲೇರುವ ಮೊದಲು ಓತಿಕ್ಯಾತಕ್ಕೆ ಕೆಲಸವಿಲ್ಲ. ಹಾಗಾಗಿ ನನಗೂ ಇರಲಿಲ್ಲ. ಹಾನಗಲ್‌ನ ಮನೆಯಿಂದ ನಿಧಾನವಾಗಿ ಹೊರಟು, ಬಸ್ಸು ಬದಲಿಸಿ ಹತ್ತರ ಸುಮಾರಿಗೆ ತಲುಪುತ್ತಿದ್ದೆ. ಮರುದಿನ ಮೊದಲ ಬಸ್ಸಿಗೆ ಹೊರಟೆ. ಬಾಗಿಲಲ್ಲಿ ಅವ್ವ ತಡೆದಳು.

"ಇಷ್ಟ ನಸುಕಿನ್ಯಾಗ ಯಾರನ್ನ ಭೆಟ್ಟಿ ಆಗಾಕ ಹೊಂಟಿ?"

"ಓತಿಕ್ಯಾತನ್ನ."

ಅವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಖರೇನ ಓತಿಕ್ಯಾತ ಆದ್ರ ಸ್ವೆಟರ್ ಹಾಕ್ಕೊಂಡು ಹೋಗು. ಬ್ಯಾರೆ ಯಾರರ ಆದ್ರ ಮನಿಗೆ ಕರಕೊಂಡು ಬಾ." ಸ್ವೆಟರ್ ಹಾಕಿಕೊಂಡೆ.

ಹೊಲಕ್ಕೆ ತಲುಪಿದಾಗ ಸೂರ್ಯ ಬೇಲಿಗಿಂತ ಮೇಲೆ ಬಂದಿರಲಿಲ್ಲ. ಓತಿಕ್ಯಾತಗಳು ರಾತ್ರಿ ರೆಂಬೆಯ ತುದಿಯಲ್ಲಿ ಉದ್ದಕ್ಕೆ ಮಲಗುತ್ತವೆ. ನಸುಕಿನ ತಂಪಿಗೆ ಮೈ ಕೊರಡಾಗಿರುತ್ತದೆ; ಕಾಯಿ ಕಿತ್ತಂತೆ ಕೀಳಬಹುದು. ಹಿರಿಯಳು ಅದನ್ನೇ ಮಾಡುತ್ತಿದ್ದಳು. ಕೈಗೆ ಸೆರಗು ಸುತ್ತಿಕೊಂಡು ಬೇಲಿಯುದ್ದಕ್ಕೂ ನಡೆಯುತ್ತ, ಒಂದೊಂದನ್ನೇ ತೆಗೆದು ತರುಣಿ ಹಿಡಿದಿದ್ದ ಮಣ್ಣಿನ ಕೊಡಕ್ಕೆ ಇಳಿಸುತ್ತಿದ್ದಳು. ಆ ಕೊಡ ನನಗೆ ಗೊತ್ತಿತ್ತು. ಬೇವಿನ ನೆರಳಿನಲ್ಲಿ ಮುಚ್ಚಳ ಹಾಕಿ ಇಟ್ಟಿರುತ್ತಿದ್ದರು. ಗಂಡು ಹೂವಿನದೆಂದು ನಾನು ಅದರ ಕಡೆ ನೋಡಿರಲೇ ಇಲ್ಲ.

ತರುಣಿ ಮೊದಲು ನನ್ನನ್ನು ಕಂಡಳು. "ಅಯ್ಯ ಅಕ್ಕಾರ, ಇಷ್ಟ ಲಗೂ ಬಂದ್ರಿ? ಅವು ಇನ್ನೂ ಮಾರಿ ತೊಳಕೊಂಡಿಲ್ಲಲ್ರೀ!"

ನಾನು ನಗಲಿಲ್ಲ. "ಏನು ಮಾಡಾಕತ್ತೀರಿ?" ಎಂದು ಹಿರಿಯಳನ್ನು ಕೇಳಿದೆ.

"ಕಾಣಾಕತ್ತಿಲ್ಲೇನ್ರಿ? ನಿಮ್ಮ ಮಾಲು ತುಂಬಾಕತ್ತೇನಿ."

"ಯಾವಾಗಿಂದ?"

"ಯಜಮಾನ ಬೈದ ದಿವ್ಸದಿಂದ." ಅವಳು ಇನ್ನೊಂದನ್ನು ತೆಗೆದು ಕೊಡಕ್ಕೆ ಹಾಕಿಯೇ ನನ್ನ ಕಡೆ ತಿರುಗಿದಳು. "ನೀವು ಕೋಲ ಹಿಡಕೊಂಡು ಬೆಳಿಯಾಗ ಬರ್ತೀರಿ. ನಿಮ್ಮ ಓಢಣಿ ಟೊಂಗಿಗೆ ಸಿಗತೈತಿ, ಚೀಟಿ ಉದುರತಾವ. ಉದುರಿದ್ದು ನಿಮಗ ಕಾಣಂಗಿಲ್ಲ, ಅವಗ ಕಾಣತೈತಿ. ಇನ್ನೊಂದ ಸಲ ಉದುರಿದ್ರ ಬ್ಯಾರೆ ಊರಿನ ಹೆಣ್ಮಕ್ಕಳ್ನ ಕರಸ್ತೇನಿ ಅಂದಾನ. ಓತಿಕ್ಯಾತ ಬೇಲಿ ಮ್ಯಾಲೇ ಸಿಕ್ರ ನೀವು ಒಳಗ ಬರೂದಿಲ್ಲ. ಅಷ್ಟ."

"ನನಗ ಒಂದು ಮಾತು ಹೇಳಬೇಕಿತ್ತು."

"ಹೇಳಾಕ ನಿಮ್ಮನ್ನ ನಂಬಬೇಕಲ್ರೀ ಮೊದಲ."

ತರುಣಿ ತಡೆಯಲಾರದೆ ನಡುವೆ ಬಂದಳು. "ಹಲಗಿ ಮ್ಯಾಲ ಓತಿಕ್ಯಾತ ಓಡಿಸಿ ಪಗಾರ ತೊಗೊಂತಾರಂತ! ಇದನ್ನ ನಂಬಾಕ ನಾವೇನು ತೊಟ್ಟಿಲ ಕೂಸೇನ್ರೀ? ಕಂಪನಿಯಾಕಿ ನೀವು. ಚೀಟಿ ಇಲ್ಲದ ಹೂವ ಹುಡಕಾಕ ಬಂದೀರಿ. ಫೋಟೋ ಹೊಡಿತೀರಿ, ಬರಕೊಂತೀರಿ, ಯಾರ ಕೂಡಾನೂ ಮಾತಾಡಂಗಿಲ್ಲ. ಕಂಪನಿಯವರೂ ಹಿಂಗ ಇರ್ತಾರ."

"ಅದಕ್ಕ ನನ್ನ ಚೀಲ ನೋಡಿದ್ರಿ."

"ನೋಡಿದ್ವಿ," ಎಂದಳು ಹಿರಿಯಳು, ದನಿ ಸ್ವಲ್ಪವೂ ತಗ್ಗಿಸದೆ. "ಕಾಲೇಜಿನ ಚೀಟಿ ಇತ್ತು. ಚೀಟಿ ಯಾರರ ಮಾಡಿಸಿ ಕೊಡ್ತಾರ."

ಕೊಡ ಕೇಳಿ ಇಸಿದುಕೊಂಡೆ. ತಳದಲ್ಲಿ ನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆ, ಅದರ ಮೇಲೆ ನಿನ್ನೆಯ ಹೂವಿನ ಉಳಿದ ಪುಡಿ. ದೊಡ್ಡವು, ಸಣ್ಣವು ಒಂದರ ಮೇಲೊಂದು ಹೊಟ್ಟೆ ಊರಿ ಕೂತಿದ್ದವು.

"ಹಸಿ ಅರಿವಿ ಯಾಕ?"

"ಮತ್ತ ಹೆಂಗ ಇಡೂದು?" ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೂವ ಹಂಗ ಇಡ್ತೇವಿ. ನಮ್ಮ ತವರಾಗ ಎಲಿನೂ ಹಂಗ ಇಡ್ತಾರ, ದಿನಗಟ್ಟಲೆ ಬಾಡಂಗಿಲ್ಲ. ಒಣಗಿ ಸತ್ರ ನಮ್ಮ ಮ್ಯಾಲ ಬರಬಾರದು ಅಂತ ತಂಪಾಗಿ ಇಟ್ಟೇವಿ. ತಿರುವಿನ್ಯಾಗ ನಿಮ್ಮ ಛತ್ರಿ ಕಂಡಕೂಡ್ಲೆ ಬೇಲಿ ಮ್ಯಾಲ ಬಿಡತೇವಿ. ಒಂದರ ಸತ್ತೈತೇನು? ಹೇಳ್ರಿ."

ಒಂದೂ ಸತ್ತಿರಲಿಲ್ಲ. ನನ್ನ ಊಹೆಯಲ್ಲಿದ್ದ ಮೋಜೂ ಇಲ್ಲಿರಲಿಲ್ಲ, ಸಂಚೂ ಇರಲಿಲ್ಲ. ಆದರೂ ನಾನು ಪೂರ್ತಿ ನಂಬಲಿಲ್ಲ. ಹತ್ತು ಗಂಟೆಯವರೆಗೆ ಕೊಡವನ್ನು ಅವರು ಇಡುವಲ್ಲೇ, ಇಡುವಂತೆಯೇ ಇಡಲು ಹೇಳಿ ಪಕ್ಕದಲ್ಲಿ ಕೂತೆ. ಇಬ್ಬನಿ ಆರಿತು. ಅವರು ಹೂ ಮುಟ್ಟಿಸುವ ಕೆಲಸಕ್ಕೆ ಇಳಿದರು. ನಾನು ದಿನವೂ ಬರುವ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ಗಂಡನ್ನೂ ಒಂದು ಮರಿಯನ್ನೂ ತೆಗೆದು ಬೇಲಿಯ ಮೇಲೆ ಬಿಸಿಲಿಗಿಟ್ಟೆ. ತಿರುವಿನಿಂದ ಇಲ್ಲಿಗೆ ನಡೆದು ಬರುವಷ್ಟು ಹೊತ್ತು ಕಾದೆ. ಬೆನ್ನಿಗೆ ಯಂತ್ರ ಹಿಡಿದೆ. ಎರಡೂ ಬೆಚ್ಚಗಿವೆ ಎಂದು ತೋರಿಸಿತು. ದಿನವೂ ಹಾಗೇ ತೋರಿಸುತ್ತಿತ್ತು.

ಹಲಗೆಯ ಮೇಲೆ ಮರಿ ಕುಂಚ ತಾಗುವ ಮೊದಲೇ ಚಿಮ್ಮಿತು. ದೊಡ್ಡದು ನಾಲ್ಕು ಹೆಜ್ಜೆ ಭಾರವಾಗಿ ಇಟ್ಟು ನಿಂತಿತು. ಮತ್ತೆ ಮುಟ್ಟಿದರೆ ಓಡುವ ಬದಲು ತಿರುಗಿ, ಮೈ ಉಬ್ಬಿಸಿ, ಬಾಯಿ ತೆರೆದು ನನ್ನನ್ನೇ ಹೆದರಿಸಿತು. ಸಾಲಿನಿಂದ ಕತ್ತೆತ್ತಿ ನೋಡುತ್ತಿದ್ದ ತರುಣಿ ಕೂಗಿದಳು: "ಅದನ್ನ ನೋಡಬೇ, ಥೇಟ್ ನಮ್ಮ ಯಜಮಾನ! ಬಾಯಿ ಅಷ್ಟ ಐತಿ, ಕಾಲಿಲ್ಲ." ಈ ಸಲ ಹಿರಿಯಳೂ ನಕ್ಕಳು.

ನನಗೆ ನಮ್ಮ ಮನೆಯ ಬಚ್ಚಲು ಹಂಡೆ ನೆನಪಾಯಿತು. ಚಹದ ಪಾತ್ರೆ ಕುದಿದು ಇಳಿಯುವ ಹೊತ್ತಿಗೆ ಹಂಡೆಯ ಒಳಗಿನ ನೀರು ಇನ್ನೂ ತಣ್ಣಗಿರುತ್ತದೆ. ಹಂಡೆಯ ಹೊರಮೈ ಮುಟ್ಟಿ ಕಾಯಿತೆಂದು ಮೋಸಹೋಗುತ್ತೇವೆ. ಹಸಿ ಬಟ್ಟೆಯ ಮೇಲೆ ಇಡೀ ಮುಂಜಾನೆ ತಣ್ಣಗಾದ ದಪ್ಪ ಮೈ ಒಳಗಿನವರೆಗೆ ಕಾಯಲು ಹೊತ್ತು ಬೇಕು. ಮರಿಗೆ ಅದು ಬೇಡ. ಯಂತ್ರ ಅಳೆದದ್ದು ಚರ್ಮವನ್ನಷ್ಟೇ. ಅದೇ ದೊಡ್ಡ ಗಂಡನ್ನು ಬಿಸಿಲಿನಲ್ಲಿ ಇನ್ನೂ ಬಹಳ ಹೊತ್ತು ಬಿಟ್ಟು ಮತ್ತೆ ಹಲಗೆಗೆ ತಂದೆ. ಹಲಗೆಯ ಕೊನೆ ದಾಟಿ, ನನ್ನ ಚಪ್ಪಲಿ ದಾಟಿ, ಬೇಲಿ ಸೇರಿತು. ಹುಲಗೂರಿನ ಓತಿಕ್ಯಾತದಂತೆಯೇ.

ಹೊರಡುವ ಮೊದಲು ಹಿರಿಯಳ ಬಳಿ ಹೋದೆ. ಬೆಳೆಯೊಳಗೆ ಇನ್ನು ಕಾಲಿಡುವುದಿಲ್ಲ, ಪ್ರಾಣಿ ಒಳಗೆ ಓಡಿದರೆ ಬಿಟ್ಟುಬಿಡುತ್ತೇನೆ ಎಂದೆ. ನೀವು ಮಾತ್ರ ಒಂದನ್ನೂ ಮುಟ್ಟಬೇಡಿ ಎಂದೆ.

"ನೀವು ಒಳಗ ಬರೂದಿಲ್ಲ ಅನ್ನೂದನ್ನ ನಾವು ಹೆಂಗ ನಂಬೂದು?" ಎಂದಳು.

"ನೀವು ಮುಟ್ಟೂದಿಲ್ಲ ಅನ್ನೂದನ್ನ ನಾ ಹೆಂಗ ನಂಬ್ಲಿ?"

ಅವಳು ಉಗುರಿನಲ್ಲಿ ಸಿಕ್ಕ ಹೂವಿನ ಎಸಳನ್ನು ತೆಗೆಯುತ್ತ ಯೋಚಿಸಿದಳು. "ಹಂಗಾದ್ರ ನಂಬೂದು ಬ್ಯಾಡ. ನೀವು ದಿನಾ ಚೀಲ ತಗದ ತೋರಸ್ರಿ. ನಾವು ಕೊಡ ತಗದ ತೋರಸ್ತೇವಿ."

ಬಸ್ ನಿಲ್ದಾಣದಿಂದ ಮೇಡಂಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹೊಟ್ಟೆ ಒದ್ದೆ ಇದ್ದವನ್ನು ಮಾತ್ರ ಬಿಟ್ಟರೆ ಆಗೋದಿಲ್ಲವಾ?" ಎಂದರು.

"ಹೊಟ್ಟೆ ನೋಡಿದ್ದು ಒಂದೇ ಪ್ರಾಣೀದು, ಮೇಡಂ."

"ಉಳಿದವು ಒದ್ದೆ ಇದ್ದವು ಅಂತ ನಿನಗೂ ಗೊತ್ತಿಲ್ಲ ಹಾಗಾದರೆ."

ಆ ಮಾತಿನಲ್ಲಿ ಅವರು ನನಗೆ ಒಂದು ಬಾಗಿಲು ತೆರೆದಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೋ, ನಾನು ಒಳಗೆ ಹೋಗುತ್ತೇನೋ ಇಲ್ಲವೋ ನೋಡಲೆಂದೋ ಇವತ್ತಿಗೂ ತಿಳಿಯದು. ಕೇಳಿಯೂ ಇಲ್ಲ. "ಒಣಗಿದ್ದವು ಅಂತಲೂ ಗೊತ್ತಿಲ್ಲ," ಎಂದೆ. ಯಜಮಾನ ಬೈದ ದಿನದ ನಂತರ ಹಂಸಭಾವಿಯಲ್ಲಿ ಅಳೆದದ್ದನ್ನೆಲ್ಲ ತೆಗೆದುಹಾಕುವುದಾಗಿ ಹೇಳಿದೆ. ಸೆಮಿನಾರಿನಲ್ಲಿ ಹುಲಗೂರಿನದನ್ನು ಹೇಳುವೆ. ಇಲ್ಲಿಯದು ಏಕೆ ಹೋಯಿತೆಂಬುದನ್ನೂ ಹೇಳುವೆ ಎಂದೆ.

"ಮುಂದಿನ ವರ್ಷದ್ದು ನನ್ನೊಬ್ಬಳ ಕೈಯಲ್ಲಿಲ್ಲ, ಗೊತ್ತಲ್ಲ," ಎಂದರು.

"ಗೊತ್ತು, ಮೇಡಂ."

ಚಳಿ ಏರಿ ದೊಡ್ಡ ಪ್ರಾಣಿಗಳು ಮರೆಯಾಗಲು ಕೆಲವೇ ವಾರಗಳಿದ್ದವು. ಮೊದಲಿನಿಂದ ಶುರುಮಾಡಬೇಕಿತ್ತು.

ಮರುದಿನ ಬೆಳಿಗ್ಗೆ ಮತ್ತೆ ಮೊದಲ ಬಸ್ಸಿಗೇ ಹೋದೆ. ಹೆಂಗಸರು ಗಂಡು ಹೂ ಬಿಡಿಸಿ ಬದುವಿಗೆ ಬಂದಿದ್ದರು. ನಾನು ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, ಚೀಲದಲ್ಲಿದ್ದದ್ದನ್ನೆಲ್ಲ ಹಿರಿಯಳ ಮುಂದೆ ಹಲಗೆಯ ಮೇಲೆ ಹರಡಿದೆ. ಅವಳು ಕುಂಚವನ್ನು ಎತ್ತಿ, ತಿರುಗಿಸಿ, ಸರಿಯಾದ ಖಾನೆಗೆ ಹಾಕಿದಳು. ಆಮೇಲೆ ನಾನು ಬೇವಿನ ಬುಡಕ್ಕೆ ಹೋಗಿ ಕೊಡದ ಮುಚ್ಚಳ ತೆಗೆದೆ. ಹಳದಿ ಹೂಗಳಿದ್ದವು. ಬಟ್ಟೆಯನ್ನೂ ಎತ್ತಿ ಕೆಳಗೆ ನೋಡಿದೆ. ಮುಚ್ಚಳವನ್ನು ಮೊದಲಿದ್ದಂತೆ ಮುಚ್ಚಿ, ಬೇಲಿಯ ಹೊರಗೆ ಕೂತು, ರೆಂಬೆಯ ತುದಿಯಲ್ಲಿ ಮಲಗಿದ್ದ ದೊಡ್ಡ ಗಂಡಿನ ಮೇಲೆ ಬಿಸಿಲು ಬೀಳುವುದನ್ನು ಕಾದೆ.